798 ದಿನ ಮನೆಯವರನ್ನೇ ನಂಬದ ಬಿಯರ್ಸ್: ಬದುಕು ತಿರುಗಿಸಿದ ಒಂದು ಪತ್ರ

ಅಕ್ಟೋಬರ್ 10 ಬಂತೆಂದರೆ ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಜಿಲ್ಲಾಸ್ಪತ್ರೆಗಳಲ್ಲಿ ಬ್ಯಾನರ್, ಜಾಥಾ, ಭಾಷಣ ಎಲ್ಲ ನಡೆಯುತ್ತವೆ. ಇಂಥ ಜಾಗೃತಿ ಕೆಲಸಕ್ಕೆ ನೂರು ವರ್ಷಕ್ಕೂ ಹಿಂದೆಯೇ ಚಳವಳಿಯ ರೂಪ ಕೊಟ್ಟವರು ಡಾಕ್ಟರ್ ಅಲ್ಲ, ಒಬ್ಬ ಪೇಷಂಟ್. ಹೆಸರು ಕ್ಲಿಫರ್ಡ್ ಬಿಯರ್ಸ್.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ 1876ರ ಮಾರ್ಚ್ 30ರಂದು ಹುಟ್ಟಿದ ಬಿಯರ್ಸ್, ಅಲ್ಲಿನ ಯೇಲ್ ವಿಶ್ವವಿದ್ಯಾಲಯದಲ್ಲೇ ಓದಿದರು. 1894ರಲ್ಲಿ ಅವರ ಅಣ್ಣನಿಗೆ ಮೂರ್ಛೆ ರೋಗ ಶುರುವಾಯಿತು. ಅದನ್ನು ಕಣ್ಣಾರೆ ಕಂಡ ಬಿಯರ್ಸ್‌ಗೆ ಇದು ನನಗೂ ಬರುತ್ತೆ ಅನ್ನೋ ಹೆದರಿಕೆ ಹಿಡಿಯಿತು. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕೆಂದರೂ ಜೀವ ಬಾಯಿಗೆ ಬರುತ್ತಿತ್ತು. ಹಾಗೂ ಹೀಗೂ 1897ರಲ್ಲಿ ಡಿಗ್ರಿ ಮುಗಿಸಿ ನ್ಯೂಯಾರ್ಕಿನಲ್ಲಿ ಗುಮಾಸ್ತರಾದರು. ಹೊರಗಿನಿಂದ ನೋಡಿದವರಿಗೆ ಓದಿ ಕೆಲಸ ಹಿಡಿದ ಹುಡುಗ, ಒಳಗೆ ಆರು ವರ್ಷ ಅದೇ ಭಯ. ಒಂದು ಚಿಂತೆ ಊಟ, ನಿದ್ದೆ, ಕೆಲಸ ಎಲ್ಲವನ್ನೂ ಕೆಡಿಸುವಷ್ಟು ಬೆಳೆದರೆ ಅದನ್ನು ಡಾಕ್ಟರಿಗೆ ತೋರಿಸಬೇಕು ಅಂತ ಈಗ ಹೇಳುತ್ತಾರೆ. ಆಗ ಹೇಳುವವರು ಯಾರಿದ್ದರು?

1900ರ ಜೂನ್‌ನಲ್ಲಿ ಕೆಲಸ ಮಾಡಲಾಗದೆ ಊರಿಗೆ ಮರಳಿದರು. ಜೂನ್ 23ರಂದು ಮನೆಯ ಮೇಲ್ಮಹಡಿಯ ಕಿಟಕಿಯಿಂದ ಬಿದ್ದು ಪ್ರಾಣ ಕಳೆದುಕೊಳ್ಳಲು ನೋಡಿದರು. ಜೀವ ಉಳಿಯಿತು, ಕಾಲಿನ ಮೂಳೆ ಮುರಿಯಿತು.

ವಿಚಿತ್ರ ಅಂದರೆ ಮೂರ್ಛೆಯ ಹೆದರಿಕೆ ಅವತ್ತೇ ಹೋಯಿತು. ಆದರೆ ಅದರ ಜಾಗಕ್ಕೆ ಬಂದದ್ದು ಇನ್ನೂ ದೊಡ್ಡದು. ಆತ್ಮಹತ್ಯೆಗೆ ಯತ್ನಿಸಿದ್ದಕ್ಕೆ ಪೊಲೀಸರು ಹಿಂದೆ ಬಿದ್ದಿದ್ದಾರೆ, ಆಸ್ಪತ್ರೆಯ ಕಿಟಕಿಗೆ ಸರಳಿದೆ ಅಂದಮೇಲೆ ಇದು ಜೈಲೇ, ನರ್ಸ್‌ಗಳೆಲ್ಲ ಪತ್ತೇದಾರರು, ಊಟದಲ್ಲಿ ವಿಷ ಇದೆ ಅಂತ ಅವರು ಗಟ್ಟಿಯಾಗಿ ನಂಬಿದರು. ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತಿತ್ತು. ನೋಡಲು ಬರುವ ಅಪ್ಪ, ಅಮ್ಮ, ಸಹೋದರರೆಲ್ಲ ಅವರ ವೇಷ ಹಾಕಿಕೊಂಡು ಬಂದ ನಕಲಿಗಳು ಅನ್ನಿಸುತ್ತಿತ್ತು. ಅದಕ್ಕೇ ಮಾತೇ ಬಿಟ್ಟರು. ಇಂಥ ಸುಳ್ಳು ನಂಬಿಕೆಗೆ ಡಾಕ್ಟರುಗಳು ಡೆಲ್ಯೂಷನ್ ಅಂತಾರೆ, ಇಲ್ಲದ ದನಿ ಕೇಳಿಸುವುದಕ್ಕೆ ಹ್ಯಾಲುಸಿನೇಷನ್ ಅಂತಾರೆ. ನಮ್ಮ ಕಡೆ ಆಗಿದ್ದರೆ ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಅಂತ ಮೊದಲು ತಾಯತ ಕಟ್ಟಿಸುತ್ತಿದ್ದರೋ ಏನೋ.

ಹೀಗೆ ಕಳೆದದ್ದು 798 ದಿನ. ಕೊನೆಗೆ ಹಾರ್ಟ್‌ಫರ್ಡ್‌ನ ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬ ರೋಗಿಯ ಒತ್ತಾಯಕ್ಕೆ ಬಿಯರ್ಸ್ ಒಂದು ಪರೀಕ್ಷೆ ಹೂಡಿದರು. ಸಹೋದರ ಜಾರ್ಜ್‌ಗೆ ಪತ್ರ ಬರೆದು, ಬರುವಾಗ ಇದೇ ಪತ್ರ ಕೈಯಲ್ಲಿ ಹಿಡಿದುಕೊಂಡು ಬರಬೇಕು ಎಂದು ತಿಳಿಸಿದರು. ನಕಲಿ ಮನುಷ್ಯನಾದರೆ ಪತ್ರ ಸಿಗುವುದಿಲ್ಲ, ಅಸಲಿಯಾದರೆ ತರುತ್ತಾನೆ ಅನ್ನೋದು ಲೆಕ್ಕ. 1902ರ ಆಗಸ್ಟ್ 30ರಂದು ಜಾರ್ಜ್ ಬಂದರು. ಕೈಯಲ್ಲಿ ಪತ್ರ ಇತ್ತು. ಎರಡು ವರ್ಷ ಯಾರು ಹೇಳಿದರೂ ಕರಗದ ಅನುಮಾನ ಅವತ್ತೊಂದೇ ದಿನದಲ್ಲಿ ಕುಸಿಯಿತು.

ಹಾಗಂತ ಕಾಯಿಲೆ ವಾಸಿಯಾಗಲಿಲ್ಲ, ಮಗ್ಗುಲು ಬದಲಿಸಿತು ಅಷ್ಟೇ. ಮಾತಾಡದಿದ್ದವರು ಈಗ ಮಾತು ನಿಲ್ಲಿಸಲಿಲ್ಲ. ನಿದ್ದೆ ಬೇಡ, ಸಿಕ್ಕ ಕಾಗದದಲ್ಲೆಲ್ಲ ಬರವಣಿಗೆ, ಜಗತ್ತನ್ನೇ ಸರಿ ಮಾಡುವ ಯೋಜನೆ. ಖಿನ್ನತೆ ಒಂದು ತುದಿ, ಈ ಅತಿ ಉತ್ಸಾಹ ಇನ್ನೊಂದು ತುದಿ. ಹೀಗೆ ಎರಡೂ ಕಡೆ ತೂಗುವುದನ್ನು ಈಗ ಬೈಪೋಲಾರ್ ಅಂತಾರೆ. ಮನೆಯವರು ಮೋಸ ಹೋಗುವುದು ಇಲ್ಲೇ. ಮೂಲೆ ಹಿಡಿದಿದ್ದ ಹುಡುಗ ಲವಲವಿಕೆಯಿಂದ ಇದ್ದಾನೆ, ಇನ್ನು ಮಾತ್ರೆ ಯಾಕೆ ಅಂತ ನಿಲ್ಲಿಸಿಬಿಡುತ್ತಾರೆ.

ಬಿಯರ್ಸ್‌ಗೆ ಸಿಕ್ಕಿದ್ದು ಮಾತ್ರೆಯಲ್ಲ, ಕೈಕಾಲು ಆಡಿಸಲಾಗದಂತೆ ಬಿಗಿಯುವ ಅಂಗಿ. ಮಿಡಲ್‌ಟೌನ್‌ನ ಸರ್ಕಾರಿ ಆಸ್ಪತ್ರೆಗೆ ಹೋದಮೇಲೆ ಚಳಿಯಲ್ಲಿ ಒಳಬಟ್ಟೆಯಲ್ಲೇ ಕೋಣೆಗೆ ದೂಡಿದರು, ತರಬೇತಿಯೇ ಇಲ್ಲದ ಕಾವಲಿನವರು ಹೊಡೆದರು. ಅಲ್ಲಿಂದಲೇ ರಾಜ್ಯದ ಗವರ್ನರ್‌ಗೆ ದೂರು ಬರೆದ ಗಟ್ಟಿಗ ಅವರು. 1903ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದರು.

1908ರಲ್ಲಿ ಇದನ್ನೆಲ್ಲ ಸ್ವಂತ ಹೆಸರಿನಲ್ಲೇ ಪುಸ್ತಕ ಮಾಡಿದರು. ಹುಚ್ಚಾಸ್ಪತ್ರೆಯಲ್ಲಿದ್ದೆ ಅಂತ ಹೇಳಿಕೊಂಡರೆ ಕೆಲಸ, ಮದುವೆ, ಮರ್ಯಾದೆ ಎಲ್ಲಕ್ಕೂ ಕುತ್ತು ಬರುತ್ತಿದ್ದ ಕಾಲ ಅದು. ಈಗಲೂ ಏನು ದೊಡ್ಡ ವ್ಯತ್ಯಾಸ ಆಗಿದೆ ಬಿಡಿ. ತತ್ವಜ್ಞಾನಿ ವಿಲಿಯಂ ಜೇಮ್ಸ್, ಮನೋವೈದ್ಯ ಅಡಾಲ್ಫ್ ಮೇಯರ್ ಬೆಂಬಲಕ್ಕೆ ನಿಂತರು. ಅದೇ ವರ್ಷ ರಾಜ್ಯ ಮಟ್ಟದ ಸಂಘ, 1909ರಲ್ಲಿ ರಾಷ್ಟ್ರೀಯ ಸಮಿತಿ, 1913ರಲ್ಲಿ ನ್ಯೂ ಹೇವನ್‌ನಲ್ಲಿ ಅಡ್ಮಿಟ್ ಆಗದೆಯೇ ತೋರಿಸಿಕೊಂಡು ಹೋಗುವ ಕ್ಲಿನಿಕ್ ಶುರುವಾದವು.

ಆ ಮೇಯರ್ ಬಳಿ ತರಬೇತಿ ಪಡೆದವರಲ್ಲಿ ಮೈಸೂರು ಸಂಸ್ಥಾನದ ಡಾ. ಎಂ.ವಿ. ಗೋವಿಂದಸ್ವಾಮಿಯೂ ಒಬ್ಬರು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು ಇವರೇ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಬಿಯರ್ಸ್ ಕೇಳಿದ್ದ ತರಬೇತಾದ ಸಿಬ್ಬಂದಿ ತಯಾರಾಗುವ ಜಾಗ ಅದು. ಕಾಯಿಲೆ ಗುರುತಿಸಿ ಮಾತ್ರೆ ಬರೆಯುವವರು ಮನೋವೈದ್ಯರು, ಅವರು ಎಂಬಿಬಿಎಸ್ ಓದಿದ ಡಾಕ್ಟರೇ. ಪರೀಕ್ಷೆ ಮಾಡಿ ಮಾತಿನ ಮೂಲಕ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್, ಅವರು ಮಾತ್ರೆ ಬರೆಯುವಂತಿಲ್ಲ. ಮನೆ, ಕೆಲಸದ ತೊಡಕು ಬಿಡಿಸಲು ಸೋಷಿಯಲ್ ವರ್ಕರ್ ಇರುತ್ತಾರೆ. ಯಾರ ಹತ್ತಿರ ಹೋಗಬೇಕು ತಿಳಿಯದಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಬಹುದು, ಇಲ್ಲವೇ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು.

1912ರಲ್ಲಿ ಬಿಯರ್ಸ್ ಮದುವೆಯಾದರು. ಕಾಯಿಲೆ ಮಕ್ಕಳಿಗೂ ಬಂದೀತೆಂಬ ಅಂಜಿಕೆಯಿಂದ ಗಂಡ ಹೆಂಡತಿ ಮಕ್ಕಳು ಬೇಡ ಅಂದುಕೊಂಡರು. 1939ರಲ್ಲಿ ನಿವೃತ್ತರಾದ ವರ್ಷವೇ ಕಾಯಿಲೆ ಮತ್ತೆ ಕಾಡಿತು. ಈ ಸಲ ರೋಡ್ ಐಲೆಂಡ್‌ನ ಬಟ್ಲರ್ ಆಸ್ಪತ್ರೆಗೆ ಸೇರಿದರು. 1943ರ ಜುಲೈ 9ರಂದು ಅಲ್ಲೇ ತೀರಿಕೊಂಡರು.