ಯಾವುದನ್ನು ಕಲಿಯಲಿ ಎಂದರೆ, ಕುಸ್ತಿ ಎನ್ನುತ್ತೇನೆ

ಕರಾಟೆಗೆ ಸೇರಲಾ, ಟೇಕ್ವಾಂಡೋ ಒಳ್ಳೆಯದಾ, ಜೂಡೋ ಹೇಗೆ ಎಂದು ಹೊರದೇಶದ ಕನ್ನಡ ಕೂಟಗಳ ಮಕ್ಕಳು ಕೇಳುತ್ತಲೇ ಇರುತ್ತೀರಿ. ಎಲ್ಲವೂ ಒಳ್ಳೆಯವೇ, ಮನಸ್ಸಿಗೆ ಬಂದದ್ದನ್ನು ಕಲಿಯಿರಿ ಎಂದು ಹೇಳಿ ನುಣುಚಿಕೊಳ್ಳಬಹುದು. ಆದರೆ ನನ್ನ ಆಯ್ಕೆ ಕೇಳಿದರೆ, ಕುಸ್ತಿ.

ಗುದ್ದು, ಒದೆತಗಳ ಕಲೆಯಲ್ಲಿ ಅಭ್ಯಾಸದ ಹೊತ್ತಿಗೆ ಪೂರ್ತಿ ಬಲ ಹಾಕುವಂತಿಲ್ಲ. ಹಾಕಿದರೆ ಜೊತೆಗಾರನ ಹಲ್ಲು ಉದುರೀತು. ಹಾಗಾಗಿ ಗಾಳಿಗೆ ಗುದ್ದುತ್ತಲೇ ವರ್ಷಗಳು ಉರುಳಿ, ಬೆಲ್ಟಿನ ಬಣ್ಣವೂ ಬದಲಾಗಿರುತ್ತದೆ. ಕುಸ್ತಿಯಲ್ಲಿ ಎದುರಿಗಿರುವವನು ಸುಮ್ಮನೆ ಬೀಳುವುದಿಲ್ಲ, ನೀವೇ ಬೀಳಿಸಬೇಕು. ನಿಮಗೇನು ಬರುತ್ತದೆ, ಏನು ಬರುವುದಿಲ್ಲ ಎನ್ನುವುದು ಅದೇ ಸಂಜೆ ಗೊತ್ತಾಗಿಬಿಡುತ್ತದೆ. ಜೂಡೋದಲ್ಲೂ ಈ ಗುಣವಿದೆ. ಊರಲ್ಲಿ ಕುಸ್ತಿ ಕಲಿಸುವವರೇ ಇಲ್ಲದಿದ್ದರೆ ಅದಕ್ಕೆ ಸೇರಿ.

ನಮ್ಮ ಕಡೆ ಕುಸ್ತಿ ಕಲಿಯುವ ಜಾಗಕ್ಕೆ ಗರಡಿ ಮನೆ ಎನ್ನುತ್ತಾರೆ. ಮೈಸೂರಿನ ಹಳೇ ಮೊಹಲ್ಲಾಗಳಲ್ಲಿ ಇವತ್ತಿಗೂ ಗರಡಿಗಳಿವೆ. ಬಾಗಿಲು ಗಿಡ್ಡ, ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಮರದ ಗದೆಗಳು, ನಡುವೆ ಕೆಮ್ಮಣ್ಣಿನ ಅಂಕಣ. ಅದಕ್ಕೆ ಮಟ್ಟಿ ಎಂದು ಹೆಸರು. ಆ ಮಣ್ಣು ತೋಟದಿಂದ ತಂದು ಸುರಿದದ್ದಲ್ಲ. ಕಲ್ಲು, ಬೇರು ಉಳಿಯದಂತೆ ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡಿದ್ದು. ಕೈಗೆ ತೆಗೆದುಕೊಂಡರೆ ಮೆತ್ತಗೆ, ತಂಪಾಗಿರುತ್ತದೆ. ಒಂದು ಬಗೆಯ ಅಡುಗೆಮನೆಯ ವಾಸನೆಯೂ ಇರುತ್ತದೆ. ಗುದ್ದಲಿ ಹಿಡಿದು ಅದನ್ನು ಅಗೆದು ಸಡಿಲ ಮಾಡುವುದೂ ಪೈಲ್ವಾನರ ಕೆಲಸವೇ. ಸೊಂಟ ಗಟ್ಟಿಯಾಗುವುದು ಅಲ್ಲಿಂದಲೇ ಶುರು. ಆಮೇಲೆ ದಂಡೆ, ಬಸ್ಕಿ, ಗದೆ ತಿರುಗಿಸುವುದು. ಇದೆಲ್ಲ ಮುಗಿದ ಮೇಲಷ್ಟೇ ಉಸ್ತಾದರು ಪಟ್ಟುಗಳನ್ನು ಹೇಳಿಕೊಡುವುದು.

ಸೆಣಸುವ ಮುಂಚೆ ಇಬ್ಬರೂ ಕೈ ಕುಲುಕಿ, ಮಣ್ಣು ತೆಗೆದು ಎದುರಾಳಿಯ ಮೈಗೆ ಸವರುತ್ತಾರೆ. ನೋಡುವವರಿಗೆ ಇದು ಶಾಸ್ತ್ರದಂತೆ ಕಂಡರೂ ಕಾರಣ ಬೇರೆ: ಬೆವರಿದ ಮೈ ಜಾರುತ್ತದೆ, ಮಣ್ಣು ಬಿದ್ದರೆ ಹಿಡಿತ ಸಿಗುತ್ತದೆ. ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿದರೆ ಚಿತ್, ಅಲ್ಲಿಗೆ ಆಟ ಮುಗಿಯಿತು. ಪಟ್ಟುಗಳಲ್ಲಿ ನನಗೆ ಇಷ್ಟವಾದದ್ದು ಧೋಬಿ. ಎದುರಾಳಿಯ ಒಂದು ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಗಕ್ಕನೆ ತಿರುಗಿ ಅವನಿಗೆ ಬೆನ್ನು ಕೊಟ್ಟು, ಸೊಂಟ ಅವನ ಸೊಂಟಕ್ಕಿಂತ ಕೆಳಗೆ ಹೋಗುವಷ್ಟು ಮೊಣಕಾಲು ಬಗ್ಗಿಸಿ, ತೋಳನ್ನು ಹೆಗಲ ಮೇಲಿಂದ ಮುಂದಕ್ಕೆಳೆದರೆ, ಅಗಸ ಬಟ್ಟೆ ಬೀಸಿ ಒಗೆದಂತೆ ಅವನು ನಿಮ್ಮ ತಲೆಯ ಮೇಲಿಂದ ಬಂದು ಬೀಳುತ್ತಾನೆ. ಇಲ್ಲಿ ತೋಳಿನ ಬಲಕ್ಕಿಂತ ಮೊಣಕಾಲು ಬಗ್ಗುವುದು ಮುಖ್ಯ. ಸಣಕಲು ಹುಡುಗರು ದಪ್ಪನೆಯವರನ್ನು ಎತ್ತಿ ಹಾಕುವುದು ಹೀಗೆ. (ಮನೆಯ ಸೋಫಾ ಮುಂದೆ ತಮ್ಮನ ಮೇಲೆ ಪ್ರಯೋಗ ಬೇಡ.)

ಕುಸ್ತಿ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಊಟ, ಸಾಮುಗಳ ವಿವರವಿದೆ. ಮೈಸೂರು ದಸರೆಯಲ್ಲಿ ಈಗಲೂ ಕುಸ್ತಿ ನಡೆಯುತ್ತದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯೊಳಗೆ ಜೆಟ್ಟಿ ಸಮುದಾಯದ ಮಲ್ಲರ ವಜ್ರಮುಷ್ಟಿ ಕಾಳಗವೂ ಇರುತ್ತದೆ. ತಲೆ ಬೋಳಿಸಿಕೊಂಡು, ಬಲಗೈ ಮುಷ್ಟಿಗೆ ಆಯುಧ ತೊಟ್ಟು ಕಾದುವ ಇದು ಮೊದಲ ಹನಿ ರಕ್ತ ಕಂಡೊಡನೆ ನಿಲ್ಲುತ್ತದೆ. ಅದನ್ನು ನೋಡಿ ಬನ್ನಿ ಎನ್ನುತ್ತೇನೆ, ಕಲಿಯಿರಿ ಎನ್ನುವುದಿಲ್ಲ.

ನೀವಿರುವ ಊರಿಗೆ ಮಟ್ಟಿಯ ಮಣ್ಣು ತರಲಾಗದು. ಚಿಂತೆಯಿಲ್ಲ, ಮ್ಯಾಟ್ ಮೇಲೆ ಕಲಿಯಿರಿ. ಮಣ್ಣಿನಿಂದ ಮ್ಯಾಟಿಗೆ ಹೋಗಿ ಗೆದ್ದವರಿದ್ದಾರೆ. ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಅವರಿಗೆ ಹೊಸದು. ಆದರೂ ಆರನೇ ಸ್ಥಾನ ಬಂತು. 1952ರಲ್ಲಿ ಹೆಲ್ಸಿಂಕಿಗೆ ಹೊರಡಲು ಕೈಯಲ್ಲಿ ದುಡ್ಡಿರಲಿಲ್ಲ. ಊರವರು ವಂತಿಗೆ ಎತ್ತಿದರು, ಅವರ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡವಿಟ್ಟರು. ಹೆಲ್ಸಿಂಕಿಯಲ್ಲಿ ಜಾಧವ್ ಗೆದ್ದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ಹೆಣ್ಣುಮಕ್ಕಳೇ, ಕುಸ್ತಿ ನಿಮಗೂ. ಹಳೆಯ ಗರಡಿಗಳು ನಿಮ್ಮನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿ ಬಂದದ್ದೇ 2004ರಲ್ಲಿ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ದಸರಾ ಕುಸ್ತಿಯಲ್ಲೂ ಈಗ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಪ್ರಶಸ್ತಿಯಿದೆ.

ಅಮೆರಿಕದಲ್ಲಿರುವವರಿಗೆ ಶಾಲೆಯ ವ್ರೆಸ್ಲಿಂಗ್ ತಂಡವೇ ಸಾಕು. ನಿಯಮಗಳು ಬೇರೆ, ಪಾಯಿಂಟ್ ಲೆಕ್ಕ ಬೇರೆ, ಆದರೆ ಎರಡೂ ಭುಜ ನೆಲಕ್ಕೊತ್ತಿ ಹಿಡಿದರೆ ಅಲ್ಲಿಯೂ ಗೆಲುವೇ. ಸೇರುವ ಮುಂಚೆ ಒಂದು ದಿನ ಸುಮ್ಮನೆ ಕೂತು ನೋಡಿ. ಗೋಡೆಯ ಮೇಲಿನ ಪದಕಗಳನ್ನಲ್ಲ, ಅಲ್ಲಿನ ಎಲ್ಲರಿಗಿಂತ ದುರ್ಬಲ ಹುಡುಗನ ಜೊತೆ ಕೋಚ್ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು. ಅಪ್ಪ ಅಮ್ಮಂದಿರಿಗೂ ಎರಡು ಮಾತು. ಕಿವಿ ಉಜ್ಜಿ ಉಜ್ಜಿ ಊದಿಕೊಂಡರೆ ಹಾಗೇ ಗಡ್ಡೆ ಕಟ್ಟುತ್ತದೆ, ಅಭ್ಯಾಸಕ್ಕೂ ಹೆಡ್‌ಗೇರ್ ಹಾಕಿಸಿ. ತೂಕದ ವರ್ಗಕ್ಕೆ ಇಳಿಯಲು ಊಟ ಬಿಡಬೇಕು, ನೀರು ಬಿಡಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಳೆಯುವ ಮಕ್ಕಳು ಮೇಲಿನ ವರ್ಗದಲ್ಲಿ ಆಡಿ ಸೋತರೂ ಪರವಾಗಿಲ್ಲ, ಹೊಟ್ಟೆ ತುಂಬ ಉಂಡು ಆಡಲಿ.