ಕಂಪ್ಯೂಟರ್ ತಾನಾಗಿಯೇ ಸಂಗೀತ ರಚಿಸುತ್ತದೆಯೇ? 1956ರಲ್ಲೇ ಅದನ್ನು ಮಾಡಿ ತೋರಿಸಿದ ರಸಾಯನಶಾಸ್ತ್ರಜ್ಞನ ಕಥೆ

ಎಐ ಒಂದೇ ನಿಮಿಷದಲ್ಲಿ ಹಾಡು ಕಟ್ಟಿಕೊಡುವ ವಿಡಿಯೊಗಳು ಈಗ ಎಲ್ಲರ ಫೋನಿನಲ್ಲೂ ಓಡಾಡುತ್ತಿವೆ. ಅವುಗಳ ಜೊತೆ ಮೂರು ಮಾತುಗಳೂ ಸೇರಿಕೊಂಡು ಬರುತ್ತವೆ. ಕಂಪ್ಯೂಟರ್ ಸಂಗೀತ ರಚಿಸುತ್ತಿರುವುದು ಇದೇ ಮೊದಲು. ಅದಕ್ಕೆ ಮನುಷ್ಯರ ಸಹಾಯ ಬೇಕಿಲ್ಲ. ಹಾಗಾಗಿ ಮಕ್ಕಳಿಗೆ ಸಂಗೀತ ಕಲಿಸುವುದು ಇನ್ನು ದಂಡ.

ಈ ಮೂರೂ ಮಾತುಗಳನ್ನು ಪರೀಕ್ಷಿಸಲು ಒಬ್ಬ ವ್ಯಕ್ತಿಯ ಬದುಕು ಸಾಕು. ಅವರ ಹೆಸರು ಲೆಜಾರೆನ್ ಹಿಲ್ಲರ್. ಕಂಪ್ಯೂಟರ್ ಸಂಗೀತದ ಇತಿಹಾಸ ಬರೆಯುವವರು ಯಾರೂ ಈ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಹಗಲು ರಸಾಯನಶಾಸ್ತ್ರ, ಜೊತೆಗೆ ಸಂಗೀತ

ಹಿಲ್ಲರ್ ಹುಟ್ಟಿದ್ದು 1924ರಲ್ಲಿ, ನ್ಯೂಯಾರ್ಕ್‌ನಲ್ಲಿ. ತಂದೆ ಹೆಸರಾಂತ ಛಾಯಾಗ್ರಾಹಕ. ಹಿಲ್ಲರ್ ಚಿಕ್ಕಂದಿನಲ್ಲೇ ಪಿಯಾನೊ ಕಲಿತರು. ಆದರೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದಿಗೆ ಆರಿಸಿಕೊಂಡದ್ದು ರಸಾಯನಶಾಸ್ತ್ರವನ್ನು. 1947ರಲ್ಲಿ ಅದರಲ್ಲೇ ಡಾಕ್ಟರೇಟ್ ಪಡೆದರು. ಅಲ್ಲಿದ್ದಾಗಲೇ ರೋಜರ್ ಸೆಷನ್ಸ್ ಮತ್ತು ಮಿಲ್ಟನ್ ಬ್ಯಾಬಿಟ್ ಎಂಬ ಇಬ್ಬರು ದೊಡ್ಡ ಸಂಗೀತ ರಚನಕಾರರ ಬಳಿ ಪಾಠವನ್ನೂ ಹೇಳಿಸಿಕೊಂಡರು.

ಓದು ಮುಗಿದ ಮೇಲೆ ಡುಪಾಂಟ್ ಕಂಪನಿಯಲ್ಲಿ ಸಂಶೋಧಕರಾದರು. ಅಲ್ಲಿ ಅವರು ಕೆಲಸ ಮಾಡಿದ್ದು ಆರ್ಲಾನ್ ಎಂಬ ಕೃತಕ ನೂಲಿಗೆ ಬಣ್ಣ ಹಾಕುವ ವಿಧಾನದ ಮೇಲೆ. 1952ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಸೇರಿದರು. ಅದೇ ವರ್ಷ ಆ ಕ್ಯಾಂಪಸ್‌ನಲ್ಲಿ ಇಲಿಯಾಕ್ ಎಂಬ ಕಂಪ್ಯೂಟರ್ ಕೆಲಸ ಶುರುಮಾಡಿತ್ತು.

ಹಳೇ ವಾಲ್ವ್ ರೇಡಿಯೊ ನೋಡಿದವರಿಗೆ ಅದರೊಳಗಿನ ಗಾಜಿನ ಕೊಳವೆಗಳು ನೆನಪಿರಬಹುದು. ಇಲಿಯಾಕ್‌ನಲ್ಲಿ ಅಂಥವು ಸುಮಾರು 2,800 ಇದ್ದವು. ತೂಕ ಸುಮಾರು 5 ಟನ್. ಮುಖ್ಯ ಮೆಮೊರಿ ಮಾತ್ರ ಬರೀ 5 ಕಿಲೋಬೈಟ್. ನಿಮಗೆ ಬೆಳಗ್ಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ.

ಅಣುಗಳಿಂದ ಸ್ವರಗಳಿಗೆ

ಹಿಲ್ಲರ್ ಈ ಯಂತ್ರವನ್ನು ಮೊದಲು ಬಳಸಿದ್ದು ಪಾಲಿಮರ್ ಅಣುಗಳ ಲೆಕ್ಕಕ್ಕೆ. ಪಾಲಿಮರ್ ಎಂದರೆ ಪ್ಲಾಸ್ಟಿಕ್, ಕೃತಕ ನೂಲು ಮುಂತಾದವುಗಳಲ್ಲಿರುವ ಉದ್ದನೆಯ ಸರಪಳಿಯಂಥ ಅಣು. ಆ ಸರಪಳಿ ಹೇಗೆಲ್ಲ ಸುತ್ತಿಕೊಳ್ಳಬಹುದು ಎಂದು ತಿಳಿಯಬೇಕು. ಅದಕ್ಕೆ ಕಂಪ್ಯೂಟರ್ ಒಂದೊಂದು ಹೆಜ್ಜೆಯನ್ನೂ ದಾಳ ಎಸೆದಂತೆ ಯದ್ವಾತದ್ವಾ ಇಡುತ್ತದೆ. ಹೆಜ್ಜೆ ನಿಯಮಕ್ಕೆ ಹೊಂದಿದರೆ ಉಳಿಸಿಕೊಳ್ಳುತ್ತದೆ, ಹೊಂದದಿದ್ದರೆ ಬಿಟ್ಟುಬಿಡುತ್ತದೆ.

ಇಲ್ಲೇ ಹಿಲ್ಲರ್‌ಗೆ ಒಂದು ಹೋಲಿಕೆ ಕಂಡಿತು. ಪಾಶ್ಚಾತ್ಯ ಸಂಗೀತದಲ್ಲಿ ಕೌಂಟರ್‌ಪಾಯಿಂಟ್ ಎಂಬ ಪಾಠವಿದೆ. ಎರಡು ಅಥವಾ ಹೆಚ್ಚು ರಾಗಸಾಲುಗಳು ಒಟ್ಟಿಗೆ ಸಾಗುವಾಗ ಯಾವ ಸ್ವರದ ಜೊತೆ ಯಾವುದು ಬರಬಹುದು, ಯಾವುದು ಬರಬಾರದು ಎಂಬ ನಿಯಮಗಳು ಅದರಲ್ಲಿರುತ್ತವೆ. 1725ರಲ್ಲಿ ಯೋಹಾನ್ ಯೋಸೆಫ್ ಫುಕ್ಸ್ ಬರೆದ ಪಠ್ಯಪುಸ್ತಕದಿಂದ ತಲೆಮಾರುಗಳ ವಿದ್ಯಾರ್ಥಿಗಳು ಇದನ್ನು ಕಲಿತಿದ್ದಾರೆ. ಇಲ್ಲೂ ಅಷ್ಟೇ, ಒಂದು ಹೆಜ್ಜೆ ಇಡಬೇಕು, ನಿಯಮಕ್ಕೆ ಹೊಂದುತ್ತದೆಯೇ ನೋಡಬೇಕು. ಅಣುಗಳ ಜಾಗದಲ್ಲಿ ಸ್ವರಗಳನ್ನು ಇಟ್ಟರೆ ಏನಾಗಬಹುದು?

ಹಿಲ್ಲರ್ ಮತ್ತು ಸಹೋದ್ಯೋಗಿ ಲಿಯೊನಾರ್ಡ್ ಐಸಾಕ್ಸನ್ ಕೆಲಸಕ್ಕೆ ಇಳಿದರು. ಸ್ವರಗಳಿಗೆ ಸಂಖ್ಯೆ ಕೊಟ್ಟರು. ಕಂಪ್ಯೂಟರ್ ಒಂದು ಸಂಖ್ಯೆ ಎತ್ತುತ್ತಿತ್ತು, ನಿಯಮಗಳ ಪಟ್ಟಿಗೆ ತಾಳೆ ನೋಡುತ್ತಿತ್ತು, ಸರಿಯಿದ್ದರೆ ಇಟ್ಟುಕೊಳ್ಳುತ್ತಿತ್ತು. ಮುಂದೆ ದಾರಿಯೇ ಸಿಗದಿದ್ದರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುತ್ತಿತ್ತು.

ಹೀಗೆ ಹುಟ್ಟಿದ್ದು ಇಲಿಯಾಕ್ ಸ್ವೀಟ್ ಎಂಬ ಕೃತಿ. ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋಗಾಗಿ ಮಾಡಿದ ರಚನೆ. ಅದರ ಮೊದಲ ಮೂರು ಭಾಗಗಳನ್ನು 1956ರ ಆಗಸ್ಟ್ 9ರಂದು ಇಲಿನಾಯ್‌ನಲ್ಲಿ ನುಡಿಸಲಾಯಿತು. ನಾಲ್ಕನೆಯ ಭಾಗ ಆಮೇಲೆ ಸೇರಿತು. ಒಂದು ಸ್ವರ ಬಂದ ಮೇಲೆ ಮುಂದಿನದು ಯಾವುದು ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ಆ ಭಾಗ ನಿಂತಿದೆ. ನೀವು ಒಂದು ಪದ ಟೈಪ್ ಮಾಡಿದ ಕೂಡಲೇ ಫೋನಿನ ಕೀಬೋರ್ಡ್ ಮುಂದಿನ ಪದ ತೋರಿಸುತ್ತದಲ್ಲ, ಅದರ ಹಿಂದಿನ ಮೂಲ ಯೋಚನೆಯೂ ಇಂಥದ್ದೇ.

ಅಂದರೆ ಮೊದಲ ಮಾತು ಸುಳ್ಳು. ಕಂಪ್ಯೂಟರ್ ಸಂಗೀತ ರಚನೆಗೆ 70 ವರ್ಷಗಳ ಇತಿಹಾಸವಿದೆ.

ಹಾಗಾದರೆ ಯಂತ್ರವೇ ಎಲ್ಲ ಮಾಡಿತೇ?

ಇಲ್ಲ. ಇಲಿಯಾಕ್ ಸ್ವೀಟ್‌ನಲ್ಲಿ ಕಂಪ್ಯೂಟರಿನ ಒಂದು ಸದ್ದೂ ಇಲ್ಲ. ಯಂತ್ರದಿಂದ ಬಂದದ್ದು ಅಕ್ಷರ ಮತ್ತು ಅಂಕಿಗಳ ಸಾಲು ಮಾತ್ರ. ಅದನ್ನು ಕೈಯಿಂದ ಸಂಗೀತ ಲಿಪಿಗೆ ಇಳಿಸಿದವರು ಮನುಷ್ಯರು. ನುಡಿಸಿದವರೂ ಮನುಷ್ಯರೇ. ಯಾವ ನಿಯಮ ಹಾಕಬೇಕು, ಬಂದದ್ದರಲ್ಲಿ ಯಾವುದನ್ನು ಕೃತಿಗೆ ಸೇರಿಸಬೇಕು ಎಂದು ನಿರ್ಧರಿಸಿದವರು ಹಿಲ್ಲರ್ ಮತ್ತು ಐಸಾಕ್ಸನ್.

ಕಂಪ್ಯೂಟರಿನಿಂದ ಸದ್ದು ಹೊರಡಿಸುವುದು ಬೇರೆಯೇ ಕೆಲಸ. 1951ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಕಂಪ್ಯೂಟರ್ ಒಂದು ಸದ್ದು ಮಾಡುತ್ತ ನುಡಿಸಿದ್ದನ್ನು ಬಿಬಿಸಿ ಧ್ವನಿಮುದ್ರಿಸಿತ್ತು. ಆದರೆ ಅವು ಜನರಿಗೆ ಮೊದಲೇ ಗೊತ್ತಿದ್ದ ಧಾಟಿಗಳು. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮ್ ಧ್ವನಿಯ ಅಲೆಯನ್ನೇ ಸಂಖ್ಯೆಗಳಿಂದ ಕಟ್ಟಿತು. ಮೊದಲು ಹೊರಬಂದ ತುಣುಕು 17 ಸೆಕೆಂಡಿನದು. ರಚಿಸುವುದು ಒಂದು, ಸದ್ದು ಮಾಡುವುದು ಇನ್ನೊಂದು. ಫಾರ್ವರ್ಡ್‌ಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

ಡಾಕ್ಟರೇಟ್ ಇದ್ದವರು ಮತ್ತೆ ವಿದ್ಯಾರ್ಥಿ

ಇಲಿಯಾಕ್ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೆಚ್ಚಿದವರಿಗಿಂತ ಸಿಡುಕಿದವರೇ ಹೆಚ್ಚು. ಒಬ್ಬ ರಸಾಯನಶಾಸ್ತ್ರಜ್ಞ, ಅದೂ ಯಂತ್ರ ಇಟ್ಟುಕೊಂಡು ಸಂಗೀತ ರಚಿಸುವುದನ್ನು ಹಲವು ಸಂಗೀತಗಾರರು ಒಪ್ಪಲಿಲ್ಲ.

ಹಿಲ್ಲರ್ ಹಿಂದೆ ಸರಿಯಲಿಲ್ಲ. ಯಂತ್ರವೇ ಎಲ್ಲ ಮಾಡುತ್ತದೆ ಎಂದು ಸುಮ್ಮನೆ ಕೂರಲೂ ಇಲ್ಲ. 1958ರಲ್ಲಿ, ತಮ್ಮ 34ನೇ ವಯಸ್ಸಿನಲ್ಲಿ, ಅದೇ ವಿಶ್ವವಿದ್ಯಾಲಯದಿಂದ ಸಂಗೀತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಭದ್ರವಾಗಿದ್ದ ರಸಾಯನಶಾಸ್ತ್ರದ ಹುದ್ದೆಯನ್ನು ಬಿಟ್ಟು ಸಂಗೀತ ವಿಭಾಗಕ್ಕೆ ಬಂದರು. ಅಲ್ಲಿ ಪ್ರಾಯೋಗಿಕ ಸಂಗೀತ ಸ್ಟುಡಿಯೊ ಕಟ್ಟಿದರು. ಸಂಗೀತದ ವಿದ್ಯಾರ್ಥಿಗಳಿಗೆ ಕಂಪ್ಯೂಟರ್, ಧ್ವನಿಯ ವಿಜ್ಞಾನ ಮತ್ತು ರಚನೆ ಮೂರೂ ಒಂದೇ ಕಡೆ ಸಿಗುವಂತಾಯಿತು. 1959ರಲ್ಲಿ ಅವರೂ ಐಸಾಕ್ಸನ್ನರೂ ತಾವು ಮಾಡಿದ ವಿಧಾನವನ್ನೆಲ್ಲ ಪುಸ್ತಕವಾಗಿ ಬರೆದು ಬಯಲಿಗಿಟ್ಟರು.

ಮುಂದೆ ಜಾನ್ ಕೇಜ್ ಎಂಬ ಪ್ರಸಿದ್ಧ ರಚನಕಾರರ ಜೊತೆ ಇನ್ನೊಂದು ದೊಡ್ಡ ಕೃತಿ ಮಾಡಿದರು. 1969ರ ಮೇ 16ರಂದು ನಡೆದ ಅದರ ಮೊದಲ ಪ್ರದರ್ಶನದಲ್ಲಿ 7 ಹಾರ್ಪ್ಸಿಕಾರ್ಡ್‌ಗಳಿದ್ದವು. ಅವು ಪಿಯಾನೊದಂತೆ ಮನೆಗಳನ್ನು ಒತ್ತಿ ನುಡಿಸುವ ಹಳೆಯ ತಂತಿವಾದ್ಯಗಳು. ಅವುಗಳ ಜೊತೆ ಕಂಪ್ಯೂಟರಿನಿಂದಲೇ ಹುಟ್ಟಿದ ಧ್ವನಿಯ 50ಕ್ಕೂ ಹೆಚ್ಚು ಟೇಪ್‌ಗಳು. ಅದರ ಎಲ್‌ಪಿ ರೆಕಾರ್ಡ್ ಕೊಂಡವರಿಗೆ ಕಂಪ್ಯೂಟರ್ ಮುದ್ರಿಸಿದ ಒಂದು ಹಾಳೆಯೂ ಸಿಗುತ್ತಿತ್ತು. ಯಾವ ಹೊತ್ತಿಗೆ ಸ್ಟೀರಿಯೊದ ಯಾವ ಗುಂಡಿಯನ್ನು ಎಷ್ಟು ತಿರುಗಿಸಬೇಕು ಎಂದು ಅದರಲ್ಲಿತ್ತು. ಅಲ್ಲೂ ಕೊನೆಯ ಕೆಲಸ ಮನುಷ್ಯನ ಕೈಯದ್ದೇ.

1968ರಿಂದ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆ ಕಲಿಸಿದರು. ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಆಲ್ಝೈಮರ್ಸ್ ಕಾಡಿತು. 1989ರಲ್ಲಿ ನಿವೃತ್ತರಾಗಿ, 1994ರಲ್ಲಿ ತೀರಿಕೊಂಡರು.

ನಾವು ತಿಳಿಯಬೇಕಾದದ್ದು

ಇಂದಿನ ಎಐ ಇಲಿಯಾಕ್‌ನಂತೆ ಬರೆದುಕೊಟ್ಟ ನಿಯಮಗಳಿಂದಲ್ಲ, ಅಪಾರ ಪ್ರಮಾಣದ ಧ್ವನಿಮುದ್ರಣಗಳಿಂದ ಕಲಿಯುತ್ತದೆ. ಆ ಧ್ವನಿಮುದ್ರಣಗಳಲ್ಲಿ ಹಾಡಿದವರು, ನುಡಿಸಿದವರು ಯಾರು? ಕಲಿತ ಮನುಷ್ಯರೇ. ಆದ್ದರಿಂದ ತಾನಾಗಿಯೇ ಎಂಬ ಮಾತು ಅಂದೂ ಪೂರ್ತಿ ನಿಜವಾಗಿರಲಿಲ್ಲ, ಇಂದೂ ಅಲ್ಲ.

ಇನ್ನು ಮೂರನೆಯ ಮಾತು. ಕಂಪ್ಯೂಟರಿನಿಂದ ಸಂಗೀತ ಬರೆಸಿದ ಮನುಷ್ಯ ಅದಾದ ಎರಡು ವರ್ಷಕ್ಕೆ ಸಂಗೀತದಲ್ಲಿ ಪದವಿ ಪಡೆದು, ಉಳಿದ ಬದುಕನ್ನು ಸಂಗೀತ ಕಲಿಸುವುದರಲ್ಲಿ ಕಳೆದರು. ಸಂಗೀತ ಕಲಿಯುವುದು ದಂಡ ಎಂಬ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಇದಿಷ್ಟನ್ನು ತಿಳಿಸಿ. ಸಂಗೀತ ಕ್ಲಾಸಿಗೆ ಹೋಗುವ ಮಗು ಆ ಮನೆಯಲ್ಲಿದ್ದರೆ, ಕ್ಲಾಸು ಬಿಡಿಸಬೇಡಿ ಎಂದೂ ಹೇಳಿ.