ಸರಪಣಿಯನ್ನು ಕಂಡ ಸ್ಟೌಡಿಂಗರ್

ಕಾರ್ತಿಕ ಮಾಸದಲ್ಲಿ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದವರಿಗೆ ಹಲವು ಮನೆಗಳ ಬಾಗಿಲಿಗೆ ಬೀಗ ಬಿದ್ದಿರುವುದು ಕಾಣುತ್ತದೆ. ಚಳಿಗಾಲ ಬಂತೆಂದರೆ ಅಲ್ಲಿಯ ಅನೇಕರು ಸ್ವೆಟರಿನ ಗಂಟು ಕಟ್ಟಿಕೊಂಡು ದೂರದ ಊರುಗಳಿಗೆ ವ್ಯಾಪಾರಕ್ಕೆ ಹೊರಡುತ್ತಾರೆ. ಅಂಥ ಕಾಲದಲ್ಲಿ ಒಮ್ಮೆ ನಾನು ಅಲ್ಲಿಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಜೊತೆಯಲ್ಲಿದ್ದನು. ವಿಶ್ವವಿದ್ಯಾಲಯವೊಂದರಲ್ಲಿ ಪಾಲಿಮರ್ ಶಾಸ್ತ್ರದ ಸಂಶೋಧನೆಗೆ ತೊಡಗಿದ್ದ ಆ ತರುಣನು, ಎರಡು ವರ್ಷ ದುಡಿದರೂ ತನ್ನ ಫಲಿತಾಂಶವನ್ನು ಯಾರೂ ಒಪ್ಪುತ್ತಿಲ್ಲವೆಂದು ನೊಂದು, ಓದನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದನು.

ಒಂದು ಮನೆಯ ಜಗಲಿಯ ಮೇಲೆ ಪ್ರಯಾಣಕ್ಕೆ ಸಿದ್ಧವಾಗಿದ್ದ ಸ್ವೆಟರುಗಳನ್ನು ಮುಟ್ಟಿ ನೋಡಿ, ಇದು ಕುರಿಯ ಉಣ್ಣೆ, ಇದು ಕಾರ್ಖಾನೆಯ ಅಕ್ರಿಲಿಕ್ ನೂಲು ಎಂದು ಆತನು ಬೇರ್ಪಡಿಸಿ ತೋರಿಸಿದನು. ಆದರೆ ರಸಾಯನಜ್ಞನ ಕಣ್ಣಿಗೆ ಎರಡೂ ಒಂದೇ ಕುಲದವಂತೆ. ಅಂಗಳದಲ್ಲಿ ಒಣಗುತ್ತಿದ್ದ ಗೋವಿನಜೋಳದ ಪಿಷ್ಟವೂ, ದಾಂಡೇಲಿಯ ಕಾಗದದ ಗಿರಣಿಗೆ ಒಂದು ಕಾಲದಲ್ಲಿ ರಾಶಿರಾಶಿಯಾಗಿ ಹೋಗುತ್ತಿದ್ದ ಬಿದಿರಿನ ನಾರೂ ಅದೇ ಕುಲದವಂತೆ. ಎಲ್ಲವೂ ಸಣ್ಣ ಸಣ್ಣ ಕೊಂಡಿಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಣಿಗಳು. ಇದನ್ನು ಸಾಧಿಸಿ ತೋರಿಸಿದವನು ಯಾರೆಂದು ಕೇಳಿದೆ. ಹೆಸರನ್ನು ಹೇಳಿದನು; ಬಾಳಿನ ಕತೆ ಆತನಿಗೆ ತಿಳಿದಿರಲಿಲ್ಲ. ಊರಿಗೆ ಮರಳಿದ ಮೇಲೆ ನಾನೇ ಅದನ್ನು ಹುಡುಕಿ ಓದಿದೆ. ಕನ್ನಡದ ಅಧ್ಯಾಪಕನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಇದು ಬರಿಯ ರಸಾಯನಶಾಸ್ತ್ರದ ಕತೆಯಲ್ಲ.

ಹರ್ಮನ್ ಸ್ಟೌಡಿಂಗರ್ ಹುಟ್ಟಿದುದು 1881ರ ಮಾರ್ಚ್ 23ರಂದು, ಜರ್ಮನಿಯ ವರ್ಮ್ಸ್ ನಗರದಲ್ಲಿ. ತಂದೆ ತತ್ತ್ವಶಾಸ್ತ್ರದ ವಿದ್ವಾಂಸ. ಮಗನಿಗೆ ಸಸ್ಯಶಾಸ್ತ್ರದ ಹಂಬಲ. ಗಿಡಮರಗಳ ಒಳಗನ್ನು ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರವನ್ನು ಕಲಿಯಬೇಕೆಂಬ ಹಿರಿಯರ ಮಾತಿಗೆ ಒಪ್ಪಿ ಆ ದಾರಿ ಹಿಡಿದ ಆತನು, 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದನು. ಕೀಟೀನ್ ಎಂಬ ಸಂಯುಕ್ತಗಳನ್ನು ಕಂಡುಹಿಡಿದು ಹೆಸರಾದನು. 1912ರಲ್ಲಿ ಜೂರಿಕ್ಕಿನ ಪ್ರಸಿದ್ಧ ತಾಂತ್ರಿಕ ವಿದ್ಯಾಪೀಠ ಆತನನ್ನು ಪ್ರಾಧ್ಯಾಪಕನಾಗಿ ಕರೆದುಕೊಂಡಿತು. ಅಲ್ಲಿದ್ದಾಗಲೇ ಮೊದಲನೆಯ ಮಹಾಯುದ್ಧ ನಡೆಯಿತು. ಯುದ್ಧವನ್ನೂ ವಿಷವಾಯುವಿನ ಬಳಕೆಯನ್ನೂ ವಿರೋಧಿಸಿ ಆತನು ಬರೆದುದು ಸ್ವದೇಶದ ಹಿರಿಯರಿಗೆ ಹಿಡಿಸಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಆತನ ಬಾಳು ಸುಖವಾಗಿಯೇ ಸಾಗುತ್ತಿತ್ತು. ಆದರೆ 1920ರಲ್ಲಿ ಆತನು ಒಂದು ಹೊಸ ಮಾತನ್ನು ಮುಂದಿಟ್ಟನು. ರಬ್ಬರಿನಂಥ ಪದಾರ್ಥಗಳು ಕಣದ ರಾಶಿಯ ಕಾಳುಗಳಂತೆ ಸಣ್ಣ ಅಣುಗಳು ಒಟ್ಟುಗೂಡಿ ಆದವು ಎಂಬುದು ಅಂದಿನ ಪಂಡಿತರ ಮತ. ಅಲ್ಲ, ಸಾವಿರಾರು ಪರಮಾಣುಗಳು ನಿಜವಾದ ರಾಸಾಯನಿಕ ಬಂಧದಿಂದ ಸೇರಿದ ಒಂದೊಂದು ಬೃಹದಣುವೇ ಅಲ್ಲಿದೆ ಎಂದು ಆತನು ಹೇಳಿದನು. ಅಷ್ಟು ದೊಡ್ಡ ಅಣು ಇರಲಾರದೆಂದು ಹೆಸರಾಂತ ರಸಾಯನಜ್ಞರೇ ತಿಳಿಹೇಳಿದರು. ರಬ್ಬರನ್ನು ಇನ್ನಷ್ಟು ಶುದ್ಧಗೊಳಿಸಿದರೆ ಭ್ರಮೆ ಬಿಟ್ಟೀತೆಂದು ಹೀನ್‌ರಿಕ್ ವೀಲಾಂಡ್ ಸಲಹೆಯಿತ್ತನು.

ಸ್ಟೌಡಿಂಗರ್ ಜಗಳಕ್ಕೆ ನಿಲ್ಲದೆ ಪ್ರಯೋಗಶಾಲೆಗೆ ಹೋದನು. ರಬ್ಬರಿನ ಅಣುಗಳನ್ನು ಹಿಡಿದಿಟ್ಟಿರುವುದು ಅವುಗಳ ದ್ವಿಬಂಧಗಳ ದುರ್ಬಲ ಆಕರ್ಷಣೆ ಎಂದಲ್ಲವೆ ಎದುರಾಳಿಗಳ ವಾದ? ಹಾಗಿದ್ದರೆ ಜಲಜನಕವನ್ನು ಸೇರಿಸಿ ಆ ದ್ವಿಬಂಧಗಳನ್ನು ಅಳಿಸಿದೊಡನೆ ರಾಶಿ ಚದರಿ, ಸುಲಭವಾಗಿ ಆವಿಯಾಗುವ ದ್ರವ ಉಳಿಯಬೇಕು. 1922ರಲ್ಲಿ ಆ ಪರೀಕ್ಷೆ ನಡೆಯಿತು. ರಾಶಿ ಚದರಲಿಲ್ಲ, ಪದಾರ್ಥವು ರಬ್ಬರಿನಂತೆಯೇ ಆವಿಯಾಗದೆ ಉಳಿಯಿತು. ಆದರೂ 1926ರ ಡುಸೆಲ್‌ಡಾರ್ಫ್ ಸಮ್ಮೇಳನದಲ್ಲಿ ಆತನು ಹೆಚ್ಚುಕಡಿಮೆ ಒಂಟಿಯಾಗಿಯೇ ನಿಲ್ಲಬೇಕಾಯಿತು. ಅದೇ ವರ್ಷ ಫ್ರೈಬುರ್ಗಿಗೆ ಹೋಗಿ, ಪಿಷ್ಟವನ್ನೂ ಸೆಲ್ಯುಲೋಸನ್ನೂ ಅದೇ ರೀತಿ ಪರೀಕ್ಷೆಗೆ ಒಡ್ಡುತ್ತ ಸಾಕ್ಷ್ಯವನ್ನು ಕೂಡಿಹಾಕಿದನು. ಅಮೆರಿಕದ ಕೆರೋಥರ್ಸ್, ಎಂಥ ಕೊಂಡಿಗಳೆಂದು ಮೊದಲೇ ತಿಳಿದು ಒಂದೊಂದಾಗಿ ಜೋಡಿಸಿ ಸರಪಣಿಗಳನ್ನು ಕಟ್ಟಿ ತೋರಿಸಿದನು. 1935ರಲ್ಲಿ ನೈಲಾನ್ ಹುಟ್ಟಿತು. ವಿರೋಧದ ದನಿ ಕ್ರಮೇಣ ಅಡಗಿತು.

ವಿದ್ವಾಂಸರ ಮುಂದೆ ಬಾಗದ ಈ ಮನುಷ್ಯ ಪ್ರಭುತ್ವದ ಮುಂದೆ ಬಾಗಬೇಕಾಗಿ ಬಂದುದು ಕತೆಯ ನೋವಿನ ಭಾಗ. ಹಿಟ್ಲರನ ಆಳ್ವಿಕೆಯಲ್ಲಿ ಆತನ ಹಳೆಯ ಯುದ್ಧವಿರೋಧವನ್ನು ಕೆದಕಿ ದೂರು ಕೊಟ್ಟವನು ಆ ವಿಶ್ವವಿದ್ಯಾಲಯದ ಅಧಿಪತಿಯಾಗಿದ್ದ ತತ್ತ್ವಜ್ಞಾನಿ ಹೈಡೆಗರ್! 1934ರಲ್ಲಿ ಸ್ಟೌಡಿಂಗರನಿಂದ ರಾಜೀನಾಮೆಯನ್ನು ಬರೆಯಿಸಿಕೊಂಡು, ಅದನ್ನು ತಿಂಗಳುಗಟ್ಟಲೆ ತಲೆಯ ಮೇಲೆ ತೂಗುಕತ್ತಿಯಂತೆ ಇಟ್ಟರು. ಆತನು ನಿಷ್ಠೆಯನ್ನು ತೋರಿಸುವ ಲೇಖನವನ್ನು ಬರೆದು ಕೆಲಸ ಉಳಿಸಿಕೊಂಡನು. ಇದನ್ನು ಮರೆಮಾಚಿ ಆತನನ್ನು ವೀರನೆಂದು ಹೊಗಳುವುದು ಸರಿಯಲ್ಲ; ಅದೊಂದರಿಂದ ಹಳಿಯುವುದೂ ಸರಿಯಲ್ಲ.

1944ರ ಬಾಂಬುದಾಳಿಯಲ್ಲಿ ಆತನ ಪ್ರಯೋಗಶಾಲೆ ನಾಶವಾಯಿತು. ಅರುವತ್ತು ದಾಟಿದ್ದ ಆತನು ಮತ್ತೆ ಕೆಲಸಕ್ಕೆ ತೊಡಗಿ, 1947ರಲ್ಲಿ ಬೃಹದಣುಗಳಿಗಾಗಿಯೇ ಪತ್ರಿಕೆಯೊಂದನ್ನು ಹೊರತಂದನು. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಮಾಗ್ಡಾ ಸಂಶೋಧನೆಯಲ್ಲಿಯೂ ಜೊತೆಗಾತಿಯಾಗಿದ್ದಳು. ಹುಡುಗನಾಗಿದ್ದಾಗ ಬಿಟ್ಟುಬಂದ ಗಿಡಮರಗಳ ಲೋಕ ಹೀಗೆ ಆತನಿಗೆ ಮರಳಿ ದೊರೆಯಿತು. ನೊಬೆಲ್ ಬಹುಮಾನ ಬಂದುದು 1953ರಲ್ಲಿ. ಆಗ ಆತನಿಗೆ 72 ವರ್ಷ. ಮೊದಲ ಮಾತು ಆಡಿ 33 ವರ್ಷಗಳಾಗಿದ್ದವು. 1965ರ ಸೆಪ್ಟೆಂಬರ್ 8ರಂದು ಫ್ರೈಬುರ್ಗಿನಲ್ಲಿ ತೀರಿಕೊಂಡನು. ಮರುವರ್ಷವೇ, 1966ರಲ್ಲಿ, ನಾಡು ಕಳೆದುಕೊಂಡ ಟಿಬೆಟಿಗರಿಗಾಗಿ ಮುಂಡಗೋಡದ ಕಾಡಿನಂಚಿನಲ್ಲಿ ಈ ಕಾಲೊನಿ ಆರಂಭವಾಯಿತು.

ಇಷ್ಟನ್ನೂ ನನ್ನ ವಿದ್ಯಾರ್ಥಿಗೆ ದೀರ್ಘವಾದ ಪತ್ರದಲ್ಲಿ ಬರೆದೆ. ಲೋಕ ಒಪ್ಪದ ಮಾತೆಲ್ಲ ಸತ್ಯವಾಗಿರಬೇಕಿಲ್ಲ. ಒಪ್ಪದವರಿಗೆ ಮತ್ತೊಂದು ಪ್ರಯೋಗದಿಂದ ಉತ್ತರ ಕೊಡುವ ತಾಳ್ಮೆಯನ್ನು ಮಾತ್ರ ಸ್ಟೌಡಿಂಗರನಿಂದ ಕಲಿಯಬೇಕೆಂದು ಸೇರಿಸಿದೆ. ತಿಂಗಳ ಮೇಲೆ ಉತ್ತರ ಬಂತು. ತಪ್ಪು ತನ್ನದೇ ಇದ್ದರೂ ಇರಬಹುದೆಂದೂ, ಪ್ರಯೋಗವನ್ನು ಮೊದಲಿನಿಂದ ಪುನಃ ಆರಂಭಿಸಿರುವೆನೆಂದೂ ಬರೆದಿದ್ದನು. ಓದನ್ನು ಬಿಡುವ ಮಾತು ಅದರಲ್ಲಿರಲಿಲ್ಲ.